ಗಾಂಜಾ ಗಿಡ ನೇರಳೆ ಆದ್ರೆ ಎಂತ ಅರ್ಥ ಮಾರಾಯ್ರೆ?

ಲ್ಯಾನ್ಸಿಯ ಅಕ್ಕನ ಮಗ ಕೆನಡಾದಲ್ಲಿರುದು. ಅಲ್ಲಿ 2018ರ ಅಕ್ಟೋಬರಿಂದ ಗಾಂಜಾ ಲೀಗಲ್, ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ 4 ಗಿಡ ಬೆಳೆಸ್ಲಿಕ್ಕೂ ಬಿಡ್ತಾರೆ, ಹಾಗೆ ಅವ ಬೆಳೆಸಿದ ಒಂದು ಗಿಡದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾನೆ, ಎಲೆ, ಹೂ, ದಂಟು ಎಲ್ಲಾ ನೇರಳೆ. ಲ್ಯಾನ್ಸಿಯ ಅಮ್ಮ ಕೈಮುಗಿಯುವ ಇಮೋಜಿ ಹಾಕಿ "ಚಂದ ಉಂಟು ಪುತಾ, ಕ್ರೋಟನ್ನಾ?" ಅಂತ ಕೇಳಿದ್ದಾರೆ.

ಆದಿತ್ಯವಾರ ಸಂಜೆ ಹಂಪನಕಟ್ಟೆಯ ಹೋಟೆಲಲ್ಲಿ ಆ ಫೋಟೋ ನಮ್ಮ ಟೇಬಲಿಗೆ ಬಂತು. ಟೇಬಲಲ್ಲಿ ಲ್ಯಾನ್ಸಿ, ವಿಟ್ಲ ಕಡೆ ಅಡಿಕೆ ತೋಟ ಇರುವ ಭಟ್ರು, ರಥಬೀದಿಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರು, ಮತ್ತೆ ನಾನು. ನಾನು ಬಿಎಸ್ಸಿ ಬಾಟನಿ ಓದಿ ಈಗ ಬ್ಯಾಂಕಲ್ಲಿ ಲೋನ್ ಫೈಲ್ ನೋಡುವವ, ಈ ಜಿಲ್ಲೆಯಲ್ಲಿ ಎಂತ ಓದಿದ್ರೂ ಕೊನೆಗೆ ಬ್ಯಾಂಕೇ.

"ನೇರಳೆ ಅಂದ್ರೆ ಪವರ್ ಜಾಸ್ತಿ, ಅಷ್ಟು ಗೊತ್ತಿಲ್ವಾ" ಅಂದ ಲ್ಯಾನ್ಸಿ. ಇವ ಬೀಡಿ ಕೂಡ ಎಳೆದವ ಅಲ್ಲ, ಆದ್ರೆ ಮಾತಾಡುವಾಗ ಭಯಂಕರ ಅನುಭವಸ್ಥ.

ಭಟ್ರು ಮೊಬೈಲನ್ನು ದೂರ ಹಿಡಿದು ನೋಡಿದ್ರು, ಹತ್ತಿರ ಹಿಡಿದು ನೋಡಿದ್ರು. "ಯಾರೋ ಬೋರ್ಡೋ ಮದ್ದು ಜಾಸ್ತಿ ಹೊಡೆದಿದ್ದಾರೆ. ಮಳೆಗಾಲದಲ್ಲಿ ಬಂದು ನನ್ನ ಅಡಿಕೆಗೊನೆ ನೋಡಿ, ಮೈಲುತುತ್ತು ಸುಣ್ಣ ಬಿದ್ದು ಎಲ್ಲಾ ನೀಲಿ, ಹಾಗಂತ ನನ್ನ ಅಡಿಕೆಗೆ ಎಂತ ಪವರ್ ಬಂತು, ಕೊಳೆರೋಗ ಬರ್ಲಿಲ್ಲ ಅಷ್ಟೇ."

ನಾನು ಬಾಯಿ ಹಾಕಿದೆ. ಅದು ಹೊರಗಿಂದ ಬಂದ ಬಣ್ಣ ಅಲ್ಲ ಭಟ್ರೆ, ಆಂಥೋಸಯನಿನ್ ಅಂತ ಒಂದು ವರ್ಣದ್ರವ್ಯ, ಗಿಡವೇ ಮಾಡಿಕೊಳ್ಳುದು, ಮಾವಿನ ಚಿಗುರು ತಾಮ್ರದ ಬಣ್ಣ ಇರ್ತದಲ್ಲ ಅದೂ ಇದೇ, ಬದನೆಯ ನೇರಳೆ ಇದೇ, ನಮ್ಮ ಪುನರ್ಪುಳಿಯ ಕೆಂಪು ಕೂಡ ಇದೇ. ಎಲೆಯಲ್ಲಿ ಹಸಿರಿನ ಕ್ಲೋರೋಫಿಲ್ ತುಂಬಿರುವಾಗ ಉಳಿದ ಬಣ್ಣ ಮೇಲೆ ಕಾಣುದಿಲ್ಲ. ಶರತ್ಕಾಲದಲ್ಲಿ ಹಗಲು ಸಣ್ಣದಾಗ್ತದೆ, ಈ ಗಿಡ ಹೂ ಬಿಡುದೇ ಆಗ, ರಾತ್ರಿ ಚಳಿ ಏರ್ತದೆ, ಕ್ಲೋರೋಫಿಲ್ ಕರಗ್ತಾ ಹೋಗ್ತದೆ, ಚಳಿಗೆ ಆಂಥೋಸಯನಿನ್ ತಯಾರಿ ಜೋರಾಗ್ತದೆ, ಆಗ ನೇರಳೆ ಎದ್ದು ಕಾಣ್ತದೆ. ಆದ್ರೆ ಅದಕ್ಕೆ ಬೇಕಾದ ಜೀನು ಆ ತಳಿಯಲ್ಲಿ ಮೊದಲೇ ಇರ್ಬೇಕು, ಇಲ್ಲದಿದ್ರೆ ಫ್ರಿಜ್ಜಲ್ಲಿ ಇಟ್ರೂ ಅದು ಹಸಿರೇ. ಕೆಲವು ತಳಿ ಚಳಿ ಇಲ್ಲದೆಯೂ ನೇರಳೆ ಆಗ್ತದೆ. ಕಪ್ಪು ಅಂತ ಹೇಳುವ ತಳಿಗಳೂ ಬೆಳಕಿಗೆ ಹಿಡಿದ್ರೆ ದಟ್ಟ ನೇರಳೆಯೇ.

"ಹಾಗಾದ್ರೆ ಕೆಂಪು ಹರಿವೆ, ಕೆಂಪು ಬಸಳೆಯ ದಂಟು?" ಅಂದ್ರು ಭಟ್ರು, ತರಕಾರಿ ವಿಷಯದಲ್ಲಿ ಅವರನ್ನು ಹಿಡಿಯುವವರಿಲ್ಲ.

ಅಲ್ಲ, ಅದು ಬೀಟಾಲೇನ್, ಬೀಟ್ರೂಟಿನ ಪಾರ್ಟಿ. ಕುಸಾಲಿನ ವಿಷಯ ಎಂತ ಅಂದ್ರೆ ಒಂದು ಗಿಡದಲ್ಲಿ ಬೀಟಾಲೇನ್ ಉಂಟು ಅಂದ್ರೆ ಅಲ್ಲಿ ಆಂಥೋಸಯನಿನ್ ಇರುದೇ ಇಲ್ಲ, ಎರಡೂ ಒಟ್ಟಿಗೆ ಇರುವ ಗಿಡ ಪ್ರಕೃತಿಯಲ್ಲಿ ಸಿಕ್ಕಿಲ್ಲ.

"ನಮ್ಮ ಮನೆಯ ಇಬ್ಬರು ಸೊಸೆಯಂದಿರ ಹಾಗೆ" ಅಂದ್ರು ಆಚಾರ್ರು. ಇಷ್ಟು ಹೊತ್ತು ಅವರು ಬನ್ಸ್ ತಿನ್ನುದ್ರಲ್ಲಿದ್ರು.

ಲ್ಯಾನ್ಸಿಗೆ ನಂಬಿಕೆ ಬರ್ಲಿಲ್ಲ, ಕೆನಡಾದ ಗಿಡಕ್ಕೂ ಪುನರ್ಪುಳಿಗೂ ಎಂತ ಸಂಬಂಧ, ಪೊಕ್ಕಡೆ ಬೊಗಳೆ ಬಿಡ್ಬೇಡ ಅಂದ. ಸರಿ, ತೋರಿಸ್ತೇನೆ ಅಂತ ಒಂದು ಪುನರ್ಪುಳಿ ಜ್ಯೂಸ್ ತರಿಸಿ, ಅಡುಗೆಮನೆಯಿಂದ ಬನ್ಸಿಗೆ ಹಾಕುವ ಸೋಡಾಪುಡಿ ಸ್ವಲ್ಪ ಕೊಡಿ ಅಂತ ಸಪ್ಲೈಯರಿಗೆ ಹೇಳಿದೆ. ಅವ ನನ್ನ ಮುಖ ನೋಡಿ "ಗ್ಯಾಸಾ ಅಣ್ಣ?" ಅಂದ. ಒಂದು ಚಿಟಿಕೆ ಹಾಕಿದೆ, ಬುಸ್ಸಂತ ನೊರೆ ಎದ್ದು ಗ್ಲಾಸಿಂದ ಹೊರಗೆ ಬಂತು, ಬಣ್ಣ ಹಾಗೇ ಕೆಂಪು. ಲ್ಯಾನ್ಸಿ ನಗ್ಲಿಕ್ಕೆ ಶುರು. ಹುಳಿ ಮುಗಿಯುವವರೆಗೆ ಹಾಕ್ಬೇಕು ಮಾರಾಯ ಅಂತ ಅರ್ಧ ಚಮಚ ಮತ್ತೆ ಸುರಿದು ಕಲಕಿದೆ, ಆಗ ನೋಡಿ, ಕೆಂಪು ಮಂಕಾಗಿ, ನೇರಳೆ ಹಾಯ್ದು, ಕೊನೆಗೆ ನೀಲಿ-ಹಸಿರಿನ ಒಂದು ಕೊಳಕು ಬಣ್ಣಕ್ಕೆ ಬಂದು ನಿಂತಿತು. ಲಿಂಬೆ ಹಿಂಡಿದೆ, ಪುನಃ ಕೆಂಪಿಗೆ ತಿರುಗಿತು. ಹುಳಿ ಇದ್ರೆ ಕೆಂಪು, ನಡುವೆ ನೇರಳೆ, ಕ್ಷಾರ ಆದ್ರೆ ನೀಲಿ ಕಡೆ, ಆಂಥೋಸಯನಿನ್ನಿನ ಸ್ವಭಾವವೇ ಇದು, ಒಂದು ಗಾಂಜಾ ತಳಿ ಕೆಂಪಗೆ ಇನ್ನೊಂದು ನೀಲಿ ಛಾಯೆಗೆ ಕಾಣುದ್ರಲ್ಲಿ ಇದರದ್ದೂ ಪಾಲುಂಟು. ಹಾಗಂತ ಬುಡಕ್ಕೆ ಸುಣ್ಣ ಸುರಿದ್ರೆ ನಾಳೆ ಎಲೆ ನೀಲಿ ಆಗುದಿಲ್ಲ, ಬಣ್ಣ ಕೂತಿರುದು ಜೀವಕೋಶದ ಒಳಗಿನ ರಸದಲ್ಲಿ, ಅಲ್ಲಿಯ ಹುಳಿ ಎಷ್ಟಿರ್ಬೇಕು ಅಂತ ಗಿಡವೇ ನೋಡಿಕೊಳ್ತದೆ.

ಆ ಜ್ಯೂಸು ಯಾರೂ ಕುಡೀಲಿಲ್ಲ.

"ಸರಿ, ಬಣ್ಣದ ವಿಷಯ ಒಪ್ಪಿದೆ, ಆದ್ರೆ ಪವರ್?" ಲ್ಯಾನ್ಸಿ ಬಿಡುವ ಜನ ಅಲ್ಲ.

ಪವರಿಗೂ ನೇರಳೆಗೂ ಸಂಬಂಧ ಇಲ್ಲ, ನಿಜ ಹೇಳ್ಬೇಕಂದ್ರೆ ಅದು ಮಾರುವವರ ಕಥೆ. ಮಂಡೆಗೆ ಏರುವ ವಸ್ತು ಟಿಎಚ್‌ಸಿ, ಇಸ್ರೇಲಿನ ಮೆಕೌಲಮ್ ಮತ್ತೆ ಗಾವೊನಿ ಅಂತ ಇಬ್ಬರು 1964ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದ್ದು. ಅದು ಹೆಚ್ಚಾಗಿ ಇರುದು ಹೆಣ್ಣು ಗಿಡದ ಹೂವಿನ ಮೇಲಿನ ಅಂಟುಗ್ರಂಥಿಗಳಲ್ಲಿ, ಟ್ರೈಕೋಮ್ ಅಂತಾರೆ, ಗಂಡು ಗಿಡ ಹೆಣ್ಣು ಗಿಡ ಬೇರೆ ಬೇರೆ ಇರುವ ಜಾತಿ ಇದು. ಗಿಡದಲ್ಲಿ ಆಂಥೋಸಯನಿನ್ ತಯಾರಾಗುವ ದಾರಿಯೇ ಬೇರೆ, ಟಿಎಚ್‌ಸಿ ತಯಾರಾಗುವ ದಾರಿಯೇ ಬೇರೆ. ಹಸಿರು ಗಿಡ ಜೋರಿರ್ಬಹುದು, ನೇರಳೆ ಗಿಡ ಸಪ್ಪೆ ಇರ್ಬಹುದು. ನಮ್ಮ ಮಟ್ಟುಗುಳ್ಳ ಹಸಿರು ಅಂತ ನೇರಳೆ ಬದನೆಗಿಂತ ಕಡಿಮೆಯಾ, ಉಡುಪಿಯಲ್ಲಿ ನಿಂತು ಹೇಳಿ ನೋಡ್ವಾ.

"ಚಿನ್ನದ ಬಣ್ಣದ್ದು ಉಂಟಂತಲ್ಲ?" ಆಚಾರ್ರು ಕುರ್ಚಿ ಮುಂದೆ ಎಳೆದ್ರು.

ಉಂಟು, ಮೆಕ್ಸಿಕೊದ ಅಕಾಪುಲ್ಕೊ ಗೋಲ್ಡ್ ಅಂತ ಹೆಸರುವಾಸಿ ತಳಿ, ಪನಾಮಾ ರೆಡ್ ಅಂತ ಇನ್ನೊಂದು. ಹಳದಿ, ಚಿನ್ನದ ಬಣ್ಣದಲ್ಲಿ ಕ್ಯಾರೊಟಿನಾಯ್ಡ್ ಕೆಲಸ ಉಂಟು, ಕ್ಯಾರೆಟಲ್ಲಿ ಇರುವ ಗುಂಪೇ, ಹಸಿರು ಹೋದ ಮೇಲೆ ಅದು ಎದ್ದು ಕಾಣ್ತದೆ.

"ಹಾಲ್‌ಮಾರ್ಕ್ ಉಂಟಾ ಕೇಳಿ. ಇಲ್ಲದಿದ್ರೆ ಗೋಲ್ಡ್ ಅಂತ ಹೇಳ್ಬಾರ್ದು."

ಹಳದಿ ಅಂದದ್ದೇ ಭಟ್ರ ಮಂಡೆಬಿಸಿ ಶುರುವಾಯ್ತು, ಅಡಿಕೆಯವರ ಹತ್ತಿರ ಹಳದಿ ಎಲೆ ಅಂತ ಹೇಳ್ಲೇಬಾರ್ದು, ಸುಳ್ಯ, ಸಂಪಾಜೆ ಕಡೆ ಹಳದಿ ರೋಗದಲ್ಲಿ ತೋಟಕ್ಕೆ ತೋಟ ಹೋದದ್ದು ಗೊತ್ತುಂಟಲ್ಲ. ಆದ್ರೆ ಎಲೆ ನೋಡಿ ಗಿಡದ ಕಷ್ಟ ಹೇಳುದ್ರಲ್ಲಿ ಅವರು ನನಗಿಂತ ಮುಂದೆ. "ಹಳದಿ ಎಲ್ಲಿಂದ ಶುರು ಅಂತ ನೋಡ್ಬೇಕು ಮಾರಾಯ. ಕೆಳಗಿನ ಹಳೇ ಎಲೆ ಪೂರಾ ಹಳದಿ ಆದ್ರೆ ಸಾರಜನಕ ಸಾಲುದಿಲ್ಲ, ಇದ್ದದ್ದನ್ನು ಗಿಡ ಎಳೆದು ಚಿಗುರಿಗೆ ಕೊಡ್ತದೆ. ಹಳೇ ಎಲೆಯಲ್ಲೇ ನರ ಹಸಿರಿದ್ದು ನಡುವೆ ಮಾತ್ರ ಹಳದಿ ಆದ್ರೆ ಮೆಗ್ನೀಷಿಯಂ. ಚಿಗುರೇ ಹಳದಿ ಬಂದ್ರೆ ಕಬ್ಬಿಣ." ನೂರಕ್ಕೆ ನೂರು, ಗಾಂಜಾ ಗಿಡಕ್ಕೂ ಇದೇ ಲೆಕ್ಕ, ಕ್ಲೋರೋಫಿಲ್ ಅಣುವಿನ ನಡುಮಧ್ಯದಲ್ಲಿ ಕೂತಿರುದೇ ಮೆಗ್ನೀಷಿಯಂ. ಈ ಕ್ಲೋರೋಫಿಲ್ ಮತ್ತೆ ಸಸ್ಯಬಣ್ಣಗಳ ಸಂಶೋಧನೆಗೇ ಜರ್ಮನಿಯ ವಿಲ್‌ಸ್ಟಾಟರಿಗೆ 1915ರಲ್ಲಿ ನೊಬೆಲ್ ಸಿಕ್ಕಿದ್ದು. ಹೂ ಬಲಿತ ಮೇಲೆ ಕೆಳಗಿನ ಎಲೆ ಹಳದಿ ಆಗುದು ಮಾತ್ರ ರೋಗ ಅಲ್ಲ, ಪ್ರಾಯ. ರಂಜಕ ಕಡಿಮೆ ಆದ್ರೂ ಎಲೆ, ದಂಟು ನೇರಳೆ ತಿರುಗುದುಂಟು. ಹಾಗಾಗಿ ಲ್ಯಾನ್ಸಿ ಪವರ್ ಅಂತ ಕುಣಿಯುವ ಬಣ್ಣ ಕೆಲವು ಸಲ ಗಿಡಕ್ಕೆ ಹಸಿವೆ ಅಂತ ಹೇಳುದು.

"ಹೂವಿನ ಮೇಲೆ ಬಿಳಿ ಬಿಳಿ ಪೌಡರ್ ಉಂಟಲ್ಲ, ಅದಾದ್ರೂ ಪವರಾ?" ಲ್ಯಾನ್ಸಿಯ ದನಿ ಸ್ವಲ್ಪ ಸಣ್ಣದಾಗಿತ್ತು.

ಅದು ನೋಡ್ಬೇಕು. ಗಾಜಿನ ಹರಳಿನ ಹಾಗೆ ಹೊಳೆದು ಕೈಗೆ ಅಂಟಿದ್ರೆ ಟ್ರೈಕೋಮ್. ಹಿಟ್ಟು ಚೆಲ್ಲಿದ ಹಾಗೆ ಮಂಕು ಬಿಳಿ ಇದ್ರೆ ಬೂದಿರೋಗ. ಹೂವಿನ ಒಳಗೆ ಬೂದುಬಣ್ಣದ ಬೂಸ್ಟು ಬಂದ್ರೆ ಕೊಳೆತದ್ದು, ಬಿಸಾಡ್ಲಿಕ್ಕೇ. ಹೂ ಬಲಿತದ್ದು ತಿಳಿಯುದು ಎರಡರಲ್ಲಿ, ಹೂವಿನಿಂದ ಹೊರಗೆ ಬಂದ ಕೂದಲಿನಂಥ ಎಳೆಗಳು ಮೊದಲು ಬಿಳಿ ಇದ್ದದ್ದು ಕಿತ್ತಳೆ, ಕಂದು ಆಗ್ತದೆ, ಟ್ರೈಕೋಮಿನ ತಲೆ ಮೊದಲು ನೀರಿನ ಹಾಗೆ, ಮತ್ತೆ ಹಾಲಿನ ಬಿಳಿ, ಕೊನೆಗೆ ಜೇನಿನ ಬಣ್ಣ. ಹಳತಾದ ಹಾಗೆ ಟಿಎಚ್‌ಸಿ ಒಡೆದು ಸಿಬಿಎನ್ ಅಂತ ಬೇರೆ ವಸ್ತು ಆಗ್ತದೆ. ಇದೆಲ್ಲ ಬರಿಗಣ್ಣಿಗೆ ಸರಿ ಕಾಣುದಿಲ್ಲ, ಅಲ್ಲಿ ಬೆಳೆಯುವವರು ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಲೆನ್ಸಲ್ಲೇ ನೋಡುದು.

ಆಚಾರ್ರು ಚಾ ಗ್ಲಾಸು ಕೆಳಗಿಟ್ರು. "ನಮ್ಮ ಲೆನ್ಸಾ?"

ನಿಮ್ಮದೇ.

ಲ್ಯಾನ್ಸಿಗೆ ಬೇರೆಯೇ ಹೆದರಿಕೆ, ಫೋಟೋ ಗ್ರೂಪಲ್ಲಿದ್ರೆ ಪೊಲೀಸ್ ಬರ್ತಾರಾ ಅಂತ. ಫೋಟೋಗಲ್ಲ ಮಾರಾಯ, ಗಿಡ ಇಲ್ಲಿ ನೆಟ್ಟರೆ ಕಥೆ. 1985ರ ಎನ್‌ಡಿಪಿಎಸ್, ಅಂದ್ರೆ ಮಾದಕವಸ್ತುಗಳ ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಹೂ ಅಥವಾ ಕಾಯಿ ಬಿಟ್ಟ ತುದಿ, ತುದಿ ಜೊತೆ ಇಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಗೆ ಬರುದಿಲ್ಲ, ಆದ್ರೆ ಗಿಡ ಬೆಳೆಸಿದ್ರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಹಸಿರಾದ್ರೂ ಅಷ್ಟೇ ನೇರಳೆ ಆದ್ರೂ ಅಷ್ಟೇ. ಲ್ಯಾನ್ಸಿ ಅಲ್ಲೇ ಅಮ್ಮನಿಗೆ ಫೋನ್ ಮಾಡಿ ಆ ಕ್ರೋಟನ್ನಿನ ಗೆಲ್ಲು ಕಳಿಸು ಅಂತ ಕೇಳ್ಬೇಡ ಅಂದ. ಅವರು ಆಗಲೇ ಕೇಳಿಯಾಗಿತ್ತು.

ಆಚಾರ್ರು ಮಾತ್ರ ಬಿಲ್ಲು ಬರುವವರೆಗೂ ಬೇರೆ ಎಂತ ಮಾತಾಡ್ಲಿಲ್ಲ, ಕೆನಡಾದಲ್ಲಿ ಒಂದು ಲೆನ್ಸಿಗೆ ಎಷ್ಟು ಡಾಲರ್ ಕೊಡ್ತಾರೆ ಕೇಳು, ನನ್ನ ಹತ್ತಿರ ಹಳತು ಮೂರು ಉಂಟು, ಭೂತಗನ್ನಡಿ ಕಳಿಸ್ಲಿಕ್ಕೆ ಯಾವ ಕಾಯ್ದೆ ಅಡ್ಡ ಬರ್ತದೆ ನೋಡುವ ಅಂತ ಲ್ಯಾನ್ಸಿಯ ತಲೆ ತಿಂದ್ರು.