ಅದಿರು ಹೊಡೆಯೋ ಟಿಪ್ಪರ್‌ಗೆ ಯಾವ ಏರ್ ಫಿಲ್ಟರ್ ಹಾಕಿಸಲಿ? ಒಂದೂವರೆ ವರ್ಷಕ್ಕೇ ಇಂಜಿನ್ ಮತ್ತೆ ಬೋರಿಗೆ (ಇಳಿಸಿ ರಿಪೇರಿ ಮಾಡೋ ಹಂತಕ್ಕೆ) ಬಂದಿದೆ

ಸಂಡೂರು ಟಿಪ್ಪರ್:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಮಾಡೆಲ್ ಹತ್ತು ಚಕ್ರದ ಟಿಪ್ಪರ್, ಆರು ಸಿಲಿಂಡರಿನ 5.9 ಲೀಟರ್ ಟರ್ಬೊ ಇಂಜಿನ್. ಸಂಡೂರು ಕಡೆಯ ಮೈನ್ಸ್‌ನಿಂದ ತೋರಣಗಲ್ಲಿಗೆ ಅದಿರು ಹೊಡೀತೀನಿ. ಗಾಡಿ ನಂದೇ, ಡ್ರೈವರೂ ನಾನೇ, ಜೊತೆಗೆ ಒಬ್ಬ ಹುಡುಗ ಕ್ಲೀನರ್ ಇದ್ದಾನೆ.

ಹೋದ ವರ್ಷ ಯುಗಾದಿಗೆ ಮುಂಚೆ ಇಂಜಿನ್ ಇಳಿಸಿ ಲೈನರ್ (ಪಿಸ್ಟನ್ ಆಡೋ ಕೊಳವೆ), ಪಿಸ್ಟನ್, ರಿಂಗು ಎಲ್ಲಾ ಹೊಸದು ಹಾಕಿಸಿದೆ. ಅದರ ಸಾಲ ಇನ್ನೂ ತೀರಿಲ್ಲ. ಈಗ ಮತ್ತೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಆಯಿಲ್ ಹಾಕೋ ಮುಚ್ಚಳ ತೆಗೆದರೆ ಬುಸುಬುಸು ಅಂತ ಗಾಳಿ ಬರುತ್ತೆ. ವಾರಕ್ಕೆ ಎರಡು ಲೀಟರ್ ಆಯಿಲ್ ಕುಡೀತಿದೆ. ಲೋಡಿನಲ್ಲಿ ಏರು ಹತ್ತೋವಾಗ ಮೊದಲಿನ ಪಿಕಪ್ ಇಲ್ಲ. ಒಂದೂವರೆ ವರ್ಷಕ್ಕೇ ಹಿಂಗಾದರೆ ಎಲ್ಲಿಂದ ದುಡ್ಡು ತರಲಿ?

ಮೊನ್ನೆ ಟರ್ಬೊಗೆ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಭಾಗ) ಹೋಗೋ ರಬ್ಬರ್ ಹೋಸಿನ ಕ್ಲಾಂಪ್ ಸಡಿಲ ಮಾಡಿ ಒಳಗೆ ಬೆರಳಾಡಿಸಿದೆ. ಕುಂಕುಮದ ಭರಣಿಗೆ ಬೆರಳು ಇಟ್ಟಂಗೆ ಕೆಂಪಾಗಿ ಬಂತು. ಫಿಲ್ಟರ್ ದಾಟಿ ಬಂದ ಮೇಲಿನ ಹೋಸು ಅದು! ಅಲ್ಲಿ ಒಂದು ಚಿಟಿಕೆ ಧೂಳೂ ಇರಬಾರದು ಅಂತ ನನಗೂ ಗೊತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಇಂಜಿನ್ ಕೆಲಸ ಆದಮೇಲೆ ಹಾಕಿಸಿದ್ದು ಅಂಗಡಿಯವರು ಕೊಟ್ಟ ಕಡಿಮೆ ರೇಟಿನ ಫಿಲ್ಟರ್. ಹೊರಗಿನದೊಂದೇ ಕೊಟ್ಟರು, ಒಳಗಿನ ಸಣ್ಣದು ಬೇಡ, ಅದು ಸುಮ್ಮನೆ ಗಾಳಿ ತಡೆಯುತ್ತೆ ಅಂದರು. ನಾನೂ ನಂಬಿದೆ. ಕ್ಲೀನರ್ ಹುಡುಗ ದಿನಾ ಸಂಜೆ ಪಂಚರ್ ಅಂಗಡಿಯಲ್ಲಿ ಏರ್ ಹೊಡೆಸ್ತಾನೆ, ಅದರಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಈಗ ಮುಂದೆ ಮೂರು ದಾರಿ ಇವೆ. ಗಾಡಿ ಕಂಪನಿಯ ಜೆನ್ಯೂನ್ ಸೆಟ್ಟು, ನನ್ನ ಹಳೆ ಫಿಲ್ಟರಿಗೆ ಹೋಲಿಸಿದರೆ ಮೂರು ಪಟ್ಟು ರೇಟು. ಫಿಲ್ಟರ್ ಮಾಡೋ ಹೆಸರುವಾಸಿ ಕಂಪನಿಗಳದ್ದು, ಸ್ವಲ್ಪ ಕಡಿಮೆ. ಇನ್ನೊಂದು, ತೊಳೆದು ಎಣ್ಣೆ ಹಚ್ಚಿ ಮತ್ತೆ ಮತ್ತೆ ಹಾಕೋ ಕಾಟನ್ ಫಿಲ್ಟರ್, ಒಂದೇ ಸಲ ಖರ್ಚು ಅಂತ ಗೆಳೆಯ ಹೇಳ್ತಿದ್ದಾನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕ್ರಷರ್ ಲೈನ್:

ಬ್ರದರ್, ನಂದು ಜಲ್ಲಿ ಕ್ರಷರ್‌ನಲ್ಲಿ ಓಡೋ ಗಾಡಿ. ನಾನು ಕಡಿಮೆ ರೇಟಿನದನ್ನೇ ತಂದು ತಿಂಗಳಿಗೊಮ್ಮೆ ಬದಲಾಯಿಸ್ತೀನಿ. ಧೂಳಿನ ಜಾಗದಲ್ಲಿ ಎಷ್ಟು ದುಬಾರಿ ಹಾಕಿದರೂ ಕಟ್ಟಿಕೊಳ್ಳುತ್ತೆ. ಹೊಸದು ಹೊಸದು ಹಾಕ್ತಾ ಇದ್ದರೆ ಸಾಕು ಅನ್ನೋದು ನನ್ನ ಲೆಕ್ಕ.

ಹೊಸಪೇಟೆ ಮೇಸ್ತ್ರಿ:

ತಮ್ಮಾ, 31 ವರ್ಷದಿಂದ ಪಾನಾ ಹಿಡಿದಿದ್ದೀನಿ. ಇದರಲ್ಲಿ ಅರ್ಧ ಆಯಸ್ಸು ಅದಿರು ಗಾಡಿಗಳಲ್ಲೇ ಹೋಗಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸೋಕೆ ಮುಂಚೆ ನಮ್ಮ ಗ್ಯಾರೇಜಿನ ಮುಂದೆ ಗಾಡಿಗಳ ಸಾಲು ನಿಲ್ಲುತ್ತಿತ್ತು. ಅವತ್ತು ಬಿಚ್ಚಿದ ಇಂಜಿನ್‌ಗಳಲ್ಲಿ ನಾನು ಕಲಿತದ್ದನ್ನು ಹೇಳ್ತೀನಿ, ಸ್ವಲ್ಪ ಉದ್ದ ಆದರೂ ಓದು.

ಯಾವ ಫಿಲ್ಟರ್ ಅಂತ ಆಮೇಲೆ ನೋಡೋಣ. ಮೊದಲು ಆ ಕೆಂಪು ಪುಡಿ ಎಲ್ಲಿಂದ ಬಂತು ಅಂತ ಹುಡುಕು. ಎಷ್ಟೇ ಕಳಪೆ ಫಿಲ್ಟರ್ ಕಾಗದ ಆದರೂ ಬೆರಳಿಗೆ ಮೆತ್ತುವಷ್ಟು ಧೂಳನ್ನು ಬಿಡೋದು ಅಪರೂಪ. ಧೂಳು ನುಗ್ಗೋದು ಕಾಗದ ಇಲ್ಲದ ಕಡೆಯಿಂದ: ಫಿಲ್ಟರ್ ಅಂಚಿನ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಒತ್ತದೆ ಉಳಿದ ಸಂದಿ, ಸೀಳಿದ ಹೋಸು, ಸಡಿಲ ಕ್ಲಾಂಪು, ಹರಿದ ಮಡಿಕೆ. ನಿನ್ನ ಇಂಜಿನ್ ಎರಡು ಸುತ್ತು ತಿರುಗಿದರೆ 5.9 ಲೀಟರ್ ಗಾಳಿ ಎಳೆಯುತ್ತೆ. 2,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 5,900 ಲೀಟರ್ ಆಯ್ತು, ಟರ್ಬೊ ತುಂಬೋದು ಅದರ ಮೇಲೆ. ಒಂದು ಲೀಟರ್ ಡೀಸೆಲ್ ಉರಿಯೋಕೆ 10,000 ಲೀಟರ್‌ಗೂ ಹೆಚ್ಚು ಗಾಳಿ ಬೇಕು. ಮುಂದೆ ಹೋಗೋ ಗಾಡಿ ಎಬ್ಬಿಸಿದ ಧೂಳಿನೊಳಗೇ ಅಷ್ಟೂ ಗಾಳಿ ಎಳೆಯೋವಾಗ ಉಗುರಿನಷ್ಟು ಸಂದಿ ಸಾಕು.

ಹಳೆ ಫಿಲ್ಟರ್ ಬಿಚ್ಚಿದಾಗ ಅದರ ಗ್ಯಾಸ್ಕೆಟ್ ನೋಡು. ಸುತ್ತಲೂ ಒಂದೇ ಸಮ ಒತ್ತಿದ ಗುರುತು ಇರಬೇಕು. ಎಲ್ಲಾದರೂ ಒಂದು ಕಡೆ ಕೆಂಪು ಗೆರೆ ಒಳಮುಖವಾಗಿ ಎಳೆದಿದ್ದರೆ ಧೂಳು ನಡೆದ ದಾರಿ ಅದೇ. ಆಮೇಲೆ ಕತ್ತಲಲ್ಲಿ ಫಿಲ್ಟರ್ ಒಳಗೆ ಬಲ್ಬು ಬಿಟ್ಟು ಹೊರಗಿನಿಂದ ಸುತ್ತ ತಿರುಗಿಸಿ ನೋಡು. ಕಾಗದದಲ್ಲಿ ಮಂಕು ಬೆಳಕು ಕಂಡರೆ ತೊಂದರೆ ಇಲ್ಲ. ಸೂಜಿ ಮೊನೆಯಷ್ಟು ಚುಕ್ಕಿ ಹೊಳೆದರೆ ಅಲ್ಲಿ ತೂತು.

ಇನ್ನು ಆ ಹುಡುಗ ದಿನಾ ಏರ್ ಹೊಡೆಸೋದು. ಅವನನ್ನು ಬೈಯಬೇಡ, ಎಲ್ಲರೂ ಹಂಗೇ ಕಲಿಸಿದ್ದಾರೆ. ನಾನೂ ಮೊದಲ ಹತ್ತು ವರ್ಷ ಗಿರಾಕಿಗಳಿಗೆ ಅದನ್ನೇ ಹೇಳಿದ್ದೆ. ಆದರೆ ಅದೇ ನಿನ್ನ ಇಂಜಿನ್ನಿಗೆ ಶತ್ರು. ಪಂಚರ್ ಅಂಗಡಿ ಪೈಪಿನಲ್ಲಿ 100 ಪಿಎಸ್‌ಐ ಮೇಲೆ ಒತ್ತಡ ಇರುತ್ತೆ. ಫಿಲ್ಟರ್ ಕಾಗದಕ್ಕೆ 30 ದಾಟಿದರೆ ಮಡಿಕೆ ಬಿರಿಯುತ್ತೆ, ಕಣ್ಣಿಗೆ ಕಾಣಲ್ಲ. ಟೈರಿಗೆ ಕುಟ್ಟೋದಂತೂ ಬೇಡವೇ ಬೇಡ, ತಗಡಿನ ಅಂಚು ನೆಗ್ಗಿದರೆ ಗ್ಯಾಸ್ಕೆಟ್ ಕೂರಲ್ಲ. ಇನ್ನೊಂದು ಮಾತು ಹಲವರು ನಂಬಲ್ಲ: ಸ್ವಲ್ಪ ಧೂಳು ಹತ್ತಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತೆ. ಮೇಲೆ ಕೂತ ಧೂಳಿನ ಪದರವೇ ನುಣ್ಣನೆಯ ಧೂಳನ್ನು ಹಿಡಿಯುತ್ತೆ. ದಿನಾ ಊದಿ ಆ ಪದರ ತೆಗೆದರೆ ದಿನಾ ಹೊಸದಾಗಿ ಶುರು. ಅದೂ ಅಲ್ಲದೆ ಫಿಲ್ಟರ್ ಕೂರೋ ಡಬ್ಬಿ ತೆರೆದಾಗಲೆಲ್ಲ ಅಂಚಿನ ಧೂಳು ಒಳಗೆ ಉದುರುತ್ತೆ. ಕ್ರಷರ್‌ನವರು ಹೇಳಿದ ತಿಂಗಳಿಗೊಂದು ಹೊಸದು ನನಗೆ ಒಪ್ಪಿಗೆ ಇಲ್ಲದಿರೋದು ಇದಕ್ಕೇ.

ಹಾಗಾದರೆ ಯಾವಾಗ ಬದಲಿಸಬೇಕು? ಡಬ್ಬಿ ಮೇಲೋ ಪೈಪಿನ ಮೇಲೋ ಒಂದು ಸಣ್ಣ ಸೂಚಕ ಇರುತ್ತಲ್ಲ, ಅದರ ಕೆಂಪು ಬಂದಾಗ. ಟರ್ಬೊ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಪೈಪಿನಲ್ಲಿ ನೀರನ್ನು 25 ಇಂಚು ಮೇಲಕ್ಕೆ ಎಳೆಯುವಷ್ಟು ಎಳೆತಕ್ಕೆ ಅದು ಕೆಂಪಾಗುತ್ತೆ. ನಿನ್ನ ಗಾಡಿಯಲ್ಲಿ ಅದು ಮುರಿದಿದ್ದರೆ ಹೊಸದು ಹಾಕಿಸು. ಫಿಲ್ಟರ್‌ಗಿಂತ ಎಷ್ಟೋ ಅಗ್ಗ.

ಒಳಗಿನ ಸಣ್ಣ ಫಿಲ್ಟರ್ ಬೇಡ ಅಂದವರ ಮಾತು ಕೇಳಿ ನನಗೆ ನೋವಾಯ್ತು. ಹೊರಗಿನದು ಹರಿದಾಗ, ಅಥವಾ ನೀನು ಅದನ್ನು ತೆಗೆದು ಹೊಸದು ಹಾಕೋ ಆ ಎರಡು ನಿಮಿಷ, ಟರ್ಬೊ ಬಾಯಿಗೆ ಅಡ್ಡ ನಿಲ್ಲೋದು ಅದೊಂದೇ. ಅದನ್ನು ಯಾವತ್ತೂ ಊದಬಾರದು, ತೊಳೆಯಬಾರದು. ಹೊರಗಿನದು ಮೂರು ಸಲ ಬದಲಿಸಿದರೆ ಅದನ್ನೊಂದು ಸಲ ಹೊಸದು ಹಾಕು.

ಕಾಟನ್ ಫಿಲ್ಟರ್ ನಮ್ಮ ರಸ್ತೆಗೆ ಬೇಡ. ಗಾಳಿ ಸಲೀಸಾಗಿ ಬಿಡುತ್ತೆ ನಿಜ, ನುಣ್ಣನೆಯ ಧೂಳಿಗೆ ಕಾಗದದಷ್ಟು ಸೋಸಲ್ಲ. ತೊಳೆದು ಒಣಗಿಸಿ ಎಣ್ಣೆ ಹದವಾಗಿ ಹಚ್ಚೋದು ಟ್ರಿಪ್ಪಿನ ಅವಸರದಲ್ಲಿ ಆಗೋ ಕೆಲಸವೂ ಅಲ್ಲ. ಹಳೆ ಕಾಲದ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಗಾಡಿಗಳನ್ನೂ ನಾನು ಬಿಚ್ಚಿದ್ದೀನಿ. ಆ ಬಟ್ಟಲಲ್ಲಿ ಕೆಂಪು ಕೆಸರು ಹೆಪ್ಪುಗಟ್ಟಿರುತ್ತಿತ್ತು. ಕಾಗದ ಬಂದಮೇಲೆ ಇಂಜಿನ್ನಿನ ಬಾಳಿಕೆ ಬೇರೆಯೇ ಆಯ್ತು.

ದುರ್ಗದ ಸ್ಪೇರ್ಸ್:

ಮೇಸ್ತ್ರಿ ಹೇಳಿದ್ದಕ್ಕೆ ಅಂಗಡಿ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ. ಚಿತ್ರದುರ್ಗದಲ್ಲಿ ಹೈವೇ ಪಕ್ಕ ನಮ್ಮದು ಬಿಡಿಭಾಗದ ಅಂಗಡಿ.

ನೀವು ಹಳೆ ಫಿಲ್ಟರ್ ಕೈಯಲ್ಲಿ ಹಿಡಿದು "ಇಂಥದ್ದೇ ಕೊಡಿ" ಅಂತ ಕೇಳಬೇಡಿ. ನಿಮ್ಮ ಹಳೆಯದೇ ತಪ್ಪು ಸೈಜಿನದಾಗಿದ್ದರೆ ಅದೇ ತಪ್ಪು ಮತ್ತೆ ಮನೆಗೆ ಬರುತ್ತೆ. ಗಾಡಿಯ ಚಾಸಿ ನಂಬರ್ ಕೊಡಿ, ಅದರಿಂದ ಪಾರ್ಟ್ ನಂಬರ್ ತೆಗೆಸಿ, ಆ ನಂಬರಿಗೆ ಸಮನಾದದ್ದು ಬೇರೆ ಕಂಪನಿಯಲ್ಲಿ ಯಾವುದು ಅಂತ ಅವರ ಕ್ಯಾಟಲಾಗಿನಲ್ಲೇ ನೋಡಿಸಿ. ವ್ಯಾಸ ಒಂದೇ ಇದ್ದು ಉದ್ದ ನಾಲ್ಕೈದು ಮಿಲಿಮೀಟರ್ ಕಡಿಮೆ ಇರೋ ಫಿಲ್ಟರ್‌ಗಳು ಮಾರ್ಕೆಟ್ಟಿನಲ್ಲಿ ಓಡಾಡ್ತವೆ. ಡಬ್ಬಿಯೊಳಗೆ ಹೋಗ್ತವೆ, ನಟ್ಟೂ ಬಿಗಿಯಾಗುತ್ತೆ, ಗ್ಯಾಸ್ಕೆಟ್ ಮಾತ್ರ ತಳ ಮುಟ್ಟಲ್ಲ.

ಡೊನಾಲ್ಡ್‌ಸನ್, ಫ್ಲೀಟ್‌ಗಾರ್ಡ್, ಮಾನ್ ಇಂಥವರು ಇಂಜಿನ್ ಮತ್ತು ಗಾಡಿ ಕಂಪನಿಗಳಿಗೂ ಫಿಲ್ಟರ್ ಮಾಡಿಕೊಡೋರೇ. ನಿಮ್ಮ ಗಾಡಿಗೆ ಸರಿಯಾದ ನಂಬರ್ ಸಿಕ್ಕರೆ ಧೈರ್ಯವಾಗಿ ಹಾಕಿ. ಏರ್ ಕ್ಲೀನರ್ ಪರೀಕ್ಷೆಗೆ ಐಎಸ್‌ಒ 5011 ಅನ್ನೋ ವಿಧಾನ ಇದೆ, ಆ ಪ್ರಕಾರ ಎಷ್ಟು ಸೋಸುತ್ತೆ ಅಂತ ಕೇಳಿ. 99.9 ಮತ್ತು 99 ಎರಡೂ ಒಂದೇ ಅಂತ ಗಿರಾಕಿಗಳು ತಿಳ್ಕೊಳ್ತಾರೆ. ಒಂದು ಕಿಲೋ ಧೂಳು ಬಂತು ಅಂದುಕೊಳ್ಳಿ. ಮೊದಲನೆಯದರಲ್ಲಿ ಒಂದು ಗ್ರಾಂ ಒಳಗೆ ಹೋಗುತ್ತೆ, ಎರಡನೆಯದರಲ್ಲಿ ಹತ್ತು ಗ್ರಾಂ. ಲೈನರ್ ಸವೆಯೋದು ಆ ಹತ್ತರಲ್ಲಿ.

ಕೈಗೆ ಬಂದ ಮೇಲೆ ಗ್ಯಾಸ್ಕೆಟ್ ಒತ್ತಿ ನೋಡಿ, ಬೆರಳು ತೆಗೆದ ತಕ್ಷಣ ಮೇಲೇಳಬೇಕು. ಗೋಡೌನಿನಲ್ಲಿ ವರ್ಷಗಟ್ಟಲೆ ಕೂತದ್ದು ಗಟ್ಟಿಯಾಗಿರುತ್ತೆ. ಮಡಿಕೆಗಳು ಒಂದರ ಪಕ್ಕ ಒಂದು ಸಮನಾಗಿರಲಿ. ನಕಲಿ ಮಾಲಿನ ಪ್ಯಾಕಿಂಗು ಅಸಲಿಗಿಂತ ಚೆಂದ ಇರುತ್ತೆ, ಅದಕ್ಕೆ ಬಿಲ್ ಇಲ್ಲದೆ ತರಬೇಡಿ.

ಡಂಪರ್ ಮೆಂಟೆನೆನ್ಸ್:

ಮೈನ್ಸ್ ಒಳಗೆ ಡಂಪರ್‌ಗಳ ಕೆಲಸ ಮಾಡ್ತೀನಿ, ಅಲ್ಲಿನ ಎರಡು ವಿಷಯ ಹೇಳ್ತೀನಿ.

ನಮ್ಮ ಸಂಡೂರು ಗುಡ್ಡದ ಧೂಳು ಬರೀ ಕಬ್ಬಿಣ ಅಲ್ಲ. ಅದಿರಿನ ಜೊತೆ ಪಟ್ಟೆ ಪಟ್ಟೆಯಾಗಿ ಕ್ವಾರ್ಟ್ಜ್ ಇರೋ ಕಲ್ಲು ಬರುತ್ತೆ, ನಾವು ಬಿಎಚ್‌ಕ್ಯು ಅಂತೀವಿ. ಕ್ವಾರ್ಟ್ಜ್ ಗಡಸುತನ ಮೋಸ್ ಅಳತೆಯಲ್ಲಿ 7, ಹೆಮಟೈಟ್ 6ರ ಆಸುಪಾಸು. ಹೆಮಟೈಟಿನದೇ ಜಾತಿಯ ಕೆಂಪು ಪುಡಿಯನ್ನು ಕನ್ನಡಿ, ಲೋಹ ಉಜ್ಜಿ ಹೊಳಪು ಕೊಡೋಕೆ ಬಳಸ್ತಾರೆ. ಅದೇ ಪುಡಿ ರಿಂಗಿಗೂ ಲೈನರಿಗೂ ನಡುವೆ ಹೋದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಡಂಪರ್‌ಗಳಲ್ಲಿ ಕಾಗದ ಮುಟ್ಟೋಕೆ ಮುಂಚೆಯೇ ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಹೊರಗೆ ಎಸೆಯೋ ಪ್ರೀಕ್ಲೀನರ್ ಇರುತ್ತೆ. ನಿಮ್ಮ ಟಿಪ್ಪರಿನ ಗಾಳಿ ಪೈಪಿನ ತುದಿಗೂ ಅಂಥದ್ದು ಹಾಕಬಹುದು, ಇಂಜಿನ್ ಎಳೆಯೋ ಗಾಳಿಗೆ ತಕ್ಕ ಸೈಜು ಮಾತ್ರ ಇರಬೇಕು. ಇನ್ನೊಂದು, ಆಯಿಲ್ ಬದಲಿಸೋವಾಗ ಒಂದು ಸಣ್ಣ ಬಾಟಲಿ ಸ್ಯಾಂಪಲ್ ಲ್ಯಾಬಿಗೆ ಕೊಡಿ. ಸಿಲಿಕಾನ್ (ಕ್ವಾರ್ಟ್ಜ್ ಧೂಳಿನಲ್ಲಿರೋ ಅಂಶ) ಏರಿದ್ದರೆ ಮೊದಲು ಧೂಳನ್ನೇ ಅನುಮಾನಿಸಬೇಕು. ಕಬ್ಬಿಣ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ನಮ್ಮ ಕಡೆ ಧೂಳೇ ಕಬ್ಬಿಣ.

ಡಬ್ಬಿಯ ಕೆಳಗೆ ರಬ್ಬರಿನ ತುಟಿಯಂಥ ವಾಲ್ವ್ ಇದೆಯಾ ನೋಡಿ. ದಿನಾ ಅದನ್ನು ಎರಡು ಬೆರಳಲ್ಲಿ ಹಿಂಡಿದರೆ ಕೂತ ಧೂಳು ಉದುರುತ್ತೆ. ಹುಡುಗನಿಗೆ ಆ ಕೆಲಸ ಕೊಡಿ.

ಸಂಡೂರು ಟಿಪ್ಪರ್:

ಅಣ್ಣಂದಿರಿಗೆ ಎಲ್ಲರಿಗೂ ಕೈಮುಗಿದೆ. ಭಾನುವಾರ ಗಾಡಿ ನಿಲ್ಲಿಸಿ ನಾನೂ ಹುಡುಗನೂ ಪೂರ್ತಿ ಬಿಚ್ಚಿದೆವು.

ಮೇಸ್ತ್ರಿ ಅಣ್ಣ ಹೇಳಿದ ಕೆಂಪು ಗೆರೆ ಸಿಕ್ತು. ಗ್ಯಾಸ್ಕೆಟ್ಟಿನ ಕಾಲು ಭಾಗದಲ್ಲಿ ಒತ್ತಿದ ಗುರುತೇ ಇಲ್ಲ, ಅಲ್ಲಿಂದ ಒಳಕ್ಕೆ ಬೀಸಣಿಗೆ ಆಕಾರದಲ್ಲಿ ಧೂಳು ಹರಡಿತ್ತು. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಮೊದಲಿನ ಜೆನ್ಯೂನ್ ಫಿಲ್ಟರ್ ಪಕ್ಕ ನಿಲ್ಲಿಸಿ ಅಳೆದೆ. ನಂದು ಐದು ಮಿಲಿಮೀಟರ್ ಗಿಡ್ಡ. ಬಲ್ಬು ಬಿಟ್ಟಾಗ ಮಡಿಕೆಯ ತುದಿಯಲ್ಲಿ ಎರಡು ಚುಕ್ಕಿ ಹೊಳೆದವು. ಅದನ್ನು ನೋಡಿ ಹುಡುಗ ಅಳೋ ಹಂಗಾದ. ನಿನ್ನ ತಪ್ಪಲ್ಲ ಕಣೋ, ಹೇಳಿದವನು ನಾನು ಅಂತ ಸಮಾಧಾನ ಮಾಡಿದೆ.

ಡಬ್ಬಿಯ ಕೆಳಗಿನ ರಬ್ಬರ್ ವಾಲ್ವ್ ಇರಲೇ ಇಲ್ಲ. ಹೋದ ಮಳೆಗಾಲದಲ್ಲಿ ಬಿದ್ದುಹೋಗಿತ್ತಂತೆ, ಹುಡುಗ ತೂತಿಗೆ ಬಟ್ಟೆ ತುರುಕಿದ್ದ. ಸೂಚಕದ ಗಾಜು ಒಡೆದಿತ್ತು.

ಕ್ಯಾಟಲಾಗ್ ನೋಡಿಸಿ, ಹೆಸರುವಾಸಿ ಕಂಪನಿಯ ಹೊರಗಿನದು ಒಳಗಿನದು ಎರಡೂ ಬಿಲ್ ಸಮೇತ ತಂದೆ. ಜೆನ್ಯೂನಿನಷ್ಟೇ ಉದ್ದ ಇದೆ. ವಾಲ್ವು, ಸೂಚಕ, ಎರಡು ಕ್ಲಾಂಪು ಹೊಸದು ಹಾಕಿದೆ. ಹೋಸಿನ ಒಳಗೆ ಒದ್ದೆ ಬಟ್ಟೆಯಲ್ಲಿ ಬಿಳಿ ಬರೋವರೆಗೆ ಒರೆಸಿದೆ. ಹನ್ನೆರಡು ದಿನ ಓಡಿಸಿ ನಿನ್ನೆ ಮತ್ತೆ ಬೆರಳು ಹಾಕಿದೆ. ತೆಳ್ಳಗೆ ಕೆಂಪು ಇನ್ನೂ ಇದೆ ಅಣ್ಣ, ಮೊದಲಿನ ಹಂಗಲ್ಲ, ಆದರೆ ಇದೆ. ಹೋಸಿನ ಕೆಳಗಿನ ಬಾಗಿನಲ್ಲಿ ಮಾತ್ರ. ಮೇಲಿನ ತುದಿ, ಫಿಲ್ಟರ್ ಕಡೆಯದು, ಚೊಕ್ಕ ಇದೆ.

ಮೇಸ್ತ್ರಿ ಅಣ್ಣ, ಇಂಜಿನ್ ಕಿಟ್ (ಲೈನರ್, ಪಿಸ್ಟನ್, ರಿಂಗು) ಹಾಕಿಸೋಕೆ ಮುಂದಿನ ವಾರ ಬರಲಾ?

ಹೊಸಪೇಟೆ ಮೇಸ್ತ್ರಿ:

ಬರಬೇಡ. ಮೇಲೆ ಚೊಕ್ಕ, ಕೆಳಗೆ ಕೆಂಪು ಅಂದರೆ ಫಿಲ್ಟರ್ ಸರಿಯಾಗಿದೆ, ಹೋಸು ಸೀಳಿದೆ. ಆ ಬಾಗು ಚಾಸಿಗೋ ಬ್ರಾಕೆಟ್ಟಿಗೋ ತಿಕ್ಕುತ್ತಾ ಇರುತ್ತೆ. ಬಿಚ್ಚಿ ಹೊರಗೆ ತೆಗೆದು ಎರಡೂ ಕೈಯಲ್ಲಿ ಬಾಗಿಸಿ ನೋಡು, ಮಡಿಕೆ ಸಂದಿಯಲ್ಲಿ ಬಿರುಕು ಬಾಯಿಬಿಡುತ್ತೆ. ಟೇಪು ಸುತ್ತಬೇಡ, ಹೊಸ ಹೋಸು ಹಾಕು, ತಿಕ್ಕದ ಹಾಗೆ ಕ್ಲಿಪ್ಪು ಕೊಡು. ಆಮೇಲೆ ಒಂದು ತಿಂಗಳು ಓಡಿಸಿ ಬೆರಳು ಬೆಳ್ಳಗೆ ಬಂದರೆ ಫೋನ್ ಮಾಡು, ಅವತ್ತು ಇಂಜಿನ್ ಇಳಿಸೋಣ. ಅಲ್ಲಿವರೆಗೆ ಆಯಿಲ್ ಮಟ್ಟ ದಿನಾ ನೋಡ್ತಾ ಟಾಪ್ ಮಾಡ್ತಾ ಇರು, ಏರಿನಲ್ಲಿ ಜಾಸ್ತಿ ಒತ್ತಬೇಡ.

ಬರೋವಾಗ ಆ ಹುಡುಗನ್ನೂ ಕರ್ಕೊಂಡು ಬಾ. ಲೈನರ್ ಕೂರಿಸೋದು ಅವನೂ ನೋಡಲಿ.