ಪದಚರ್ಚೆ: ಹಾಲು ಒಕ್ಕೂಟದ ‘ಡ್ಯಾಶ್‌ಬೋರ್ಡ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಬೆಂಗಳೂರಿನಿಂದ, ಸೋಮವಾರ ಬೆಳಿಗ್ಗೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಜಿಲ್ಲಾ ಹಾಲು ಒಕ್ಕೂಟವೊಂದರ ನಿತ್ಯದ ವಹಿವಾಟನ್ನು ತೆರೆಯ ಮೇಲೆ ತೋರಿಸುವ ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಬುಧವಾರ ಸಂಜೆ ಐದು ಗಂಟೆಯೊಳಗೆ ಪದಪಟ್ಟಿಯನ್ನು ಒಪ್ಪಿಸಬೇಕು. ಎಲ್ಲರೂ ನೋಡುವ ಒಂದೇ ತೆರೆ ಇದಲ್ಲ. ಶೇಖರಣೆ ವಿಭಾಗದ ವ್ಯವಸ್ಥಾಪಕರು ರೂಟ್‌ವಾರು ಲೀಟರುಗಳನ್ನೂ ಕ್ಯಾನ್ ಲಾರಿ ಡೇರಿಗೆ ತಲುಪಿದ ಹೊತ್ತನ್ನೂ ಹುಳಿಯೆಂದು ಹಿಂದಿರುಗಿಸಿದ ಹಾಲಿನ ಪ್ರಮಾಣವನ್ನೂ ನೋಡುತ್ತಾರೆ. ವಿಸ್ತರಣಾಧಿಕಾರಿಗೆ ತಮ್ಮ ವ್ಯಾಪ್ತಿಯ ಸಂಘಗಳ ಸರಾಸರಿ ಜಿಡ್ಡು ಬೇಕು. ಹಾಲನ್ನು ಒಟ್ಟುಗೂಡಿಸಿ ತಣ್ಣಗಿಡುವ ಬಿಎಂಸಿ (ಬಲ್ಕ್ ಮಿಲ್ಕ್ ಕೂಲರ್) ಕೇಂದ್ರದವರಿಗೆ ತೊಟ್ಟಿಯ ಹಾಲು 4 ಡಿಗ್ರಿಗೆ ಇಳಿಯಿತೇ ಎಂಬುದು ಮುಖ್ಯ. ಊರಿನ ಸಂಘದ ಕಾರ್ಯದರ್ಶಿಗೆ ಬೆಳಗಿನ ಮತ್ತು ಸಂಜೆಯ ಒಟ್ಟು ಸಾಕು. ಅವರವರಿಗೆ ಬೇಕಾದ ಅಂಕಿಗಳನ್ನು ಅವರೇ ಆರಿಸಿ, ಜೋಡಿಸಿ, ಮಿತಿ ದಾಟಿದಾಗ ಕೆಂಪಾಗುವಂತೆ ಇಟ್ಟುಕೊಳ್ಳಬಹುದು. ಇದನ್ನು ಇಂಗ್ಲಿಷಿನಲ್ಲಿ ಕಸ್ಟಮ್ ಡ್ಯಾಶ್‌ಬೋರ್ಡ್ ಎನ್ನುತ್ತಾರೆ, ಅದರೊಳಗಿನ ಪ್ರತಿ ಅಂಕಿಯನ್ನು ಮೆಟ್ರಿಕ್ ಎನ್ನುತ್ತಾರೆ.

ಡ್ಯಾಶ್‌ಬೋರ್ಡ್ ಎಂದೇ ಬಿಡೋಣವೆಂದರೆ ಒಕ್ಕೂಟದವರು ಕನ್ನಡವೇ ಬೇಕೆಂದು ಹಟ ಹಿಡಿದಿದ್ದಾರೆ. ಬರೀ ‘ಬೋರ್ಡ್’ ಎನ್ನುವಂತಿಲ್ಲ. ಸಹಕಾರಿ ವಲಯದಲ್ಲಿ ಬೋರ್ಡ್ ಎಂದರೆ ಚುನಾಯಿತ ನಿರ್ದೇಶಕರ ಮಂಡಳಿ. ‘ಸೂಚನಾ ಫಲಕ’ ಎಂದರೆ ನೋಟಿಸ್ ಅಂಟಿಸುವ ಜಾಗ. ಮೆಟ್ರಿಕ್ ಎಂದು ಹಾಗೆಯೇ ಬರೆದು ಕಾರ್ಯದರ್ಶಿಯೊಬ್ಬರಿಗೆ ತೋರಿಸಿದಾಗ ಅವರು, ‘ಇದು ಟನ್ ಲೆಕ್ಕವೋ?’ ಎಂದರು. ಹಿಂದೆ ಯಂತ್ರಾನುವಾದ ಮಾಡಿಸಿದ್ದ ಪಟ್ಟಿಯಲ್ಲಿ ಕಸ್ಟಮ್ ಎಂಬುದು ಒಂದು ಕಡೆ ‘ಗ್ರಾಹಕೀಯಗೊಳಿಸಿದ’ ಎಂದೂ ಇನ್ನೊಂದು ಕಡೆ ‘ಸೀಮಾಸುಂಕ’ ಎಂದೂ ಆಗಿದೆ; ಆಪರೇಷನ್ಸ್ ಎಂಬುದು ‘ಕಾರ್ಯಾಚರಣೆ’ ಎಂದಾಗಿದೆ. ತೆರೆಯ ಮೇಲಿನ ಪಟ್ಟಿಯಲ್ಲಿ ಜಾಗವೂ ಕಿರಿದು. ಹೆಸರು ಉದ್ದವಾದರೆ ಕೊನೆಯ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ದಯವಿಟ್ಟು ಬೇಗ ಸಲಹೆ ಕೊಡಿ.

ಧಾರವಾಡದಿಂದ, ಸೋಮವಾರ ಮಧ್ಯಾಹ್ನ

ತೋರುಹಲಗೆ. ತೋರುಬೆರಳು ಇರುವ ನುಡಿಯಲ್ಲಿ ತೋರುಹಲಗೆಗೆ ಏನು ಅಡ್ಡಿ? ಫಲಕದ ಸಹವಾಸವೇ ಬೇಡ. ಮೆಟ್ರಿಕ್‌ಗೆ ಅಳತೆ. ಕಸ್ಟಮ್‌ಗೆ ‘ನಿಮ್ಮ’ ಎಂದರೆ ಮುಗಿಯಿತು. ಇದಕ್ಕೆ ಮೂರು ದಿನ ಬೇಕಾಗಿಲ್ಲ.

ಮೈಸೂರಿನಿಂದ, ಸೋಮವಾರ ಸಂಜೆ

ಧಾರವಾಡದ ಮಿತ್ರರು ಫಲಕವನ್ನು ಮುಂಬಾಗಿಲಿನಿಂದ ಹೊರಗಟ್ಟಿ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದಾರೆ. ಹಲಗೆಯು ಫಲಕದ ತದ್ಭವ ಎಂಬುದನ್ನು ನಾನು ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಕಲಿಸಿದ್ದೇನೆ. ಮಹಾಪ್ರಾಣ ಕಳೆದುಕೊಂಡು ಪಲಗೆಯಾಗಿ, ಮುಂದೆ ಹಳಗನ್ನಡದ ಪಕಾರವು ಹಕಾರವಾದಾಗ ಹಲಗೆಯಾಗಿ ನಮ್ಮ ಮನೆಯ ಮಾತಾದ ಪದವದು. ವೇಷ ಬದಲಿಸಿ ಬಂದವನನ್ನು ಮನೆಯವನೆಂದು ಒಪ್ಪುವುದಾದರೆ ವೇಷ ಬದಲಿಸದೆ ಬಂದವನ ಮೇಲೆ ಮಾತ್ರ ಕೋಪವೇಕೆ?

ನನ್ನ ಸಲಹೆ ಬೇರೆಯೇ ಇದೆ. ಕಡತ ಎಂಬ ಪದವನ್ನು ಈಗ ಸರ್ಕಾರಿ ಫೈಲಿಗೆ ಬಳಸುತ್ತೇವೆ; ಅದರ ಮೂಲ ಅರ್ಥ ಅದಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಅಡಕೆ ಅಡಕೆಯಾಗಿ ಮಡಿಸಿದ ಕಪ್ಪು ಹೊತ್ತಗೆ ಅದು. ವರ್ತಕರೂ ಮಠದವರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಹೊಸದನ್ನು ಬರೆಯಬಹುದಿತ್ತು. ಮಡಿಕೆಯೊಂದನ್ನು ಬಿಚ್ಚಿದರೆ ಒಂದು ಬಾಬ್ತಿನ ಲೆಕ್ಕ, ಇನ್ನೊಂದನ್ನು ಬಿಚ್ಚಿದರೆ ಮತ್ತೊಂದರದು. ಪ್ರಶ್ನೆ ಕೇಳಿದ ತಂಗಿಯವರು ವಿವರಿಸಿದ ತೆರೆಯೂ ಅಂಕಿಗಳನ್ನು ಒರೆಸಿ ಬರೆಯುತ್ತಲೇ ಇರುತ್ತದೆಯಲ್ಲವೇ? ವಹಿವಾಟಿನ ಮನೆಯಿಂದಲೇ ಹೊರಟ ಪದವನ್ನು ಮತ್ತೆ ಅದೇ ಮನೆಗೆ ಕರೆತಂದಂತಾಗುತ್ತದೆ. ‘ಕಡತ’ ಎಂದೇ ಇಡಿ. ಮೂರೇ ಅಕ್ಷರ, ಒತ್ತಕ್ಷರವೂ ಇಲ್ಲ.

ಶಿವಮೊಗ್ಗದಿಂದ, ಸೋಮವಾರ ರಾತ್ರಿ

ಮೇಷ್ಟ್ರ ವಿವರಣೆಯನ್ನು ಸಂತೋಷದಿಂದ ಓದಿದೆ. ಆದರೆ ‘ಕಡತ ವಿಲೇವಾರಿ’ ಎಂಬ ಮಾತು ಕಿವಿಯಲ್ಲಿ ಕುಳಿತಿರುವ ಈ ಕಾಲದಲ್ಲಿ ಒಕ್ಕೂಟದ ನೌಕರರು ಕಡತವೆಂಬ ಗುಂಡಿ ಒತ್ತಿದರೆ ಹಳೆಯ ಪತ್ರಗಳು ತೆರೆದುಕೊಳ್ಳುತ್ತವೆಂದೇ ಎಣಿಸುತ್ತಾರೆ. ಮೂಲಾರ್ಥವನ್ನೇ ಹಿಡಿದು ಹೊರಟರೆ ಡ್ಯಾಶ್‌ಬೋರ್ಡಿಗೆ ‘ಕೆಸರುಹಲಗೆ’ ಎನ್ನಬೇಕಾದೀತು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿ ಹೊಡೆಯುವವನ ಮೈಮೇಲೆ ಬೀಳದಂತೆ 19ನೆಯ ಶತಮಾನದಲ್ಲಿ ಸಾರೋಟಿನ ಮುಂದೆ ನಿಲ್ಲಿಸುತ್ತಿದ್ದ ಹಲಗೆ ಅದು. ಕುದುರೆ ಹೋಗಿ ಎಂಜಿನ್ ಬಂದಾಗಲೂ ಆ ಜಾಗದ ಹೆಸರು ಉಳಿಯಿತು, ಅಲ್ಲಿ ವೇಗದ ಮುಳ್ಳೂ ಎಣ್ಣೆಯ ಮುಳ್ಳೂ ಬಂದು ಕುಳಿತವು. ಇಂಗ್ಲಿಷಿನವರೇ ಮರೆತ ಕೆಸರನ್ನು ನಾವು ಮೈಗೆ ಬಳಿದುಕೊಳ್ಳುವುದು ಬೇಡ.

ನನಗೆ ಹೆಚ್ಚು ಕಳವಳ ತಂದಿರುವುದು ಎರಡನೆಯ ಪದ. ಈ ಹಿಂದೆ ಇಂಥದೇ ಎರಡು ಕೆಲಸಗಳಲ್ಲಿ ಮೆಟ್ರಿಕ್‌ಗೆ ಮಾಪಕ, ಮಾನದಂಡ, ಸೂಚಕ, ಸೂಚ್ಯಂಕ ಎಂಬ ನಾಲ್ಕನ್ನೂ ಮನಬಂದಂತೆ ಬೆರೆಸಿದ್ದನ್ನು ತಿದ್ದಿ ಸಾಕಾಗಿದೆ. ಹಾಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆ ಮಾಪಕ. ಹಾಲಿನಲ್ಲಿ ಬಿಟ್ಟಾಗ ಅದು ತೋರಿಸಿದ 28 ಎಂಬುದು ಅಳತೆ. 26ಕ್ಕಿಂತ ಕೆಳಗಿಳಿದ ಹಾಲನ್ನು ಪಡೆಯಬಾರದೆಂದು ಸಂಘವು ಕಟ್ಟಳೆ ಮಾಡಿಕೊಂಡಿದ್ದರೆ ಆ 26 ಮಾನದಂಡ. ನೀರು ಬೆರೆತಿರಬಹುದೆಂದು ಎಚ್ಚರಿಸಲು ತೆರೆಯಲ್ಲಿ ಮೂಡುವ ಕೆಂಪು ಚುಕ್ಕೆ ಸೂಚಕ. ಸೂಚ್ಯಂಕವನ್ನು ಷೇರುಪೇಟೆಯವರಿಗೆ ಬಿಟ್ಟುಬಿಡಿ. ಆದ್ದರಿಂದ ಮೆಟ್ರಿಕ್ ಎಂದರೆ ಅಳತೆಯೇ ಸರಿ ಎಂಬಲ್ಲಿ ನಾನು ಧಾರವಾಡದವರ ಪಕ್ಷ. ಅಚ್ಚಗನ್ನಡವೆಂಬ ಕಾರಣಕ್ಕಲ್ಲ, ಅರ್ಥ ಕರಾರುವಾಕ್ಕಾಗಿದೆ ಎಂಬ ಕಾರಣಕ್ಕೆ.

ಇನ್ನೊಂದು ಮಾತು. ಸಂಘಗಳಲ್ಲಿ ಲ್ಯಾಕ್ಟೋಮೀಟರಿನ ಅಳತೆಯನ್ನು ‘ಡಿಗ್ರಿ’ ಎಂದೇ ಕರೆಯುತ್ತಾರೆ. ಬಿಎಂಸಿಯ ತೊಟ್ಟಿಯ ಡಿಗ್ರಿಯೂ ಇದೂ ಒಂದೇ ತೆರೆಯಲ್ಲಿ ಬಂದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ತೊಟ್ಟಿಯದಕ್ಕೆ ‘ಹಾಲಿನ ಉಷ್ಣತೆ’ ಎಂದು ಪೂರ್ತಿ ಬರೆಯಿರಿ. ‘ಕಾರ್ಯಾಚರಣೆ’ಯನ್ನೂ ತೆಗೆದುಹಾಕಿ, ಅದನ್ನು ಓದಿದರೆ ಪೊಲೀಸರು ಡೇರಿಗೆ ನುಗ್ಗಿದಂತೆ ಕಾಣುತ್ತದೆ. ನೀವೇ ಬರೆದಿರುವ ‘ನಿತ್ಯದ ವಹಿವಾಟು’ ಚೆನ್ನಾಗಿದೆ.

ಮಂಗಳೂರಿನಿಂದ, ಮಂಗಳವಾರ ಬೆಳಿಗ್ಗೆ

ಪತ್ರಿಕೆಯ ಡೆಸ್ಕಿನಲ್ಲಿ ಕೋವಿಡ್ ಕಾಲದಲ್ಲಿ ನಾವು ಡ್ಯಾಶ್‌ಬೋರ್ಡ್ ಎಂದೇ ಬರೆದೆವು, ಓದುಗರಿಗೆ ತೊಂದರೆಯಾಗಲಿಲ್ಲ. ಆದರೂ ಕನ್ನಡವೇ ಬೇಕೆಂದರೆ, ನೋಡುವವನು ಅಲ್ಲಿ ಏನು ಮಾಡುತ್ತಾನೆಂದು ಕೇಳಿಕೊಳ್ಳಬೇಕು. ಹಲಗೆ ತೋರಿಸುತ್ತದೆ, ನಿಜ. ಆದರೆ ಅದನ್ನು ಕಟ್ಟಿಕೊಂಡವನು ಕಣ್ಣಿಟ್ಟು ಕಾಯುತ್ತಾನೆ. ಹಾಗಾಗಿ ‘ನಿಗಾ ಫಲಕ’ ಎನ್ನಿ. ಚಿಕ್ಕದು, ನಾಲಿಗೆಗೆ ಹಗುರ, ನೋಟಿಸ್ ಬೋರ್ಡಿನ ಗೊಂದಲವೂ ಇಲ್ಲ. ಕಸ್ಟಮ್ ಎಂಬುದಕ್ಕೆ ವಿಶೇಷಣವೇ ಬೇಡ. ‘ನಿಗಾ ಫಲಕ ಜೋಡಿಸಿಕೊಳ್ಳಿ’ ಎಂದು ಕ್ರಿಯೆಯಲ್ಲೇ ಹೇಳಿ. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ನಮ್ಮಲ್ಲಿರುವಾಗ ‘ನಿಮಗಾಗಿ’ ಎಂಬುದನ್ನು ಬೇರೆ ಹೇಳುವುದು ದಂಡ.

ಧಾರವಾಡದಿಂದ, ಮಂಗಳವಾರ ಬೆಳಿಗ್ಗೆ

ನಿಗಾ ಫಾರಸಿ, ಫಲಕ ಸಂಸ್ಕೃತ. ಕನ್ನಡ ಎಲ್ಲಿದೆ? ಇದು ಪದ ಕಟ್ಟುವುದಲ್ಲ, ಹರಕು ಬಟ್ಟೆಗೆ ತೇಪೆ ಹಾಕುವುದು. ಇನ್ನು ಹಲಗೆಯ ವಿಷಯ: ಫಲಕವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಾರದೇಕೆ? ತಮಿಳಿನಲ್ಲಿ ಪಲಗೈ ಇದೆ, ತೆಲುಗಿನಲ್ಲಿ ಪಲಕ ಇದೆ. ಶಾಲೆಯ ತದ್ಭವ ಪಟ್ಟಿಯನ್ನೇ ವೇದವಾಕ್ಯವೆಂದು ನಂಬಿದವರ ಜೊತೆ ವಾದ ಮಾಡಿ ಫಲವಿಲ್ಲ.

ಮೈಸೂರಿನಿಂದ, ಮಂಗಳವಾರ ಮಧ್ಯಾಹ್ನ

‘ಇರಬಾರದೇಕೆ’ ಎಂಬುದು ಆಧಾರವಲ್ಲ. ತಮಿಳು ತೆಲುಗುಗಳಲ್ಲಿ ಇದೆಯೆಂದ ಮಾತ್ರಕ್ಕೆ ಅವರೂ ನಮ್ಮಂತೆ ಎರವಲು ಪಡೆದಿಲ್ಲವೆಂದು ಹೇಗೆ ಸಿದ್ಧವಾಯಿತು? ಆಧಾರವಿದ್ದರೆ ಮುಂದಿಡಿ, ಇಲ್ಲವಾದರೆ ಬಿಡಿ.

ನಿಗಾ ಫಲಕವನ್ನು ಅರಿಸಮಾಸವೆಂದು ಯಾರಾದರೂ ಆಕ್ಷೇಪಿಸುವ ಮೊದಲೇ ಹೇಳಿಬಿಡುತ್ತೇನೆ. ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಸಮಾಸ ಮಾಡಬಾರದೆಂದು 13ನೆಯ ಶತಮಾನದಲ್ಲಿ ವಿಧಿಸಿದ ಕೇಶಿರಾಜನೇ ಬಿರುದಾವಳಿಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ವಿನಾಯಿತಿ ಕೊಟ್ಟಿದ್ದಾನೆ. ‘ತೋರುವ ಬೆರಳು’ ತೋರುಬೆರಳಾಗುವಂಥ ಗಮಕ ಸಮಾಸದಲ್ಲಂತೂ ಆ ದೋಷವನ್ನು ಎಣಿಸುವುದೇ ಇಲ್ಲ. ಹಾಗೆ ನೋಡಿದರೆ ‘ತೋರುಫಲಕ’ ಕೂಡ ನಿರ್ದೋಷವೇ. ಇನ್ನು ಫಾರಸಿಯ ಮಾತು. ರಾಜ್ಯದ ಆಸ್ಪತ್ರೆಗಳ ಬಾಗಿಲ ಮೇಲೆ ‘ತೀವ್ರ ನಿಗಾ ಘಟಕ’ ಎಂದು ಬರೆದಿರುತ್ತದೆ. ನಡುವೆ ಫಾರಸಿ, ಎರಡೂ ಪಕ್ಕದಲ್ಲಿ ಸಂಸ್ಕೃತ. ಅಲ್ಲಿಗೆ ಒಳಗಾದ ರೋಗಿಯ ಬಂಧುಗಳು ಯಾರೂ ವ್ಯುತ್ಪತ್ತಿಯನ್ನು ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಕಚೇರಿ, ದಾಖಲೆ, ವಸೂಲಿ, ಖಜಾನೆ ಎಂಬ ಪದಗಳನ್ನು ಬಿಟ್ಟು ಧಾರವಾಡದ ಮಿತ್ರರು ತಮ್ಮ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆಯಲಿ. ಆ ‘ಅರ್ಜಿ’ಯೂ ಹೊರಗಿನದೇ ಎಂಬುದನ್ನು ಮರೆಯದೆ ಬರೆಯಲಿ. ಕಡತವನ್ನು ನಾನಿನ್ನೂ ಬಿಟ್ಟಿಲ್ಲ, ಆದರೆ ನಿಗಾ ಫಲಕಕ್ಕೆ ನನ್ನ ವಿರೋಧವಿಲ್ಲ.

ಧಾರವಾಡದಿಂದ, ಮಂಗಳವಾರ ಮಧ್ಯಾಹ್ನ

ಹಳೆಯ ಸಾಲವನ್ನು ತೀರಿಸಲಾಗಲಿಲ್ಲವೆಂದು ಹೊಸ ಸಾಲ ಮಾಡಬೇಕೆಂಬ ನ್ಯಾಯ ನನಗೆ ತಿಳಿಯದು. ಕಚೇರಿ ಬಂದಾಗ ನಮ್ಮನ್ನು ಯಾರೂ ಕೇಳಲಿಲ್ಲ. ಈಗ ಒಬ್ಬರು ಕೇಳುತ್ತಿದ್ದಾರೆ. ಕೇಳಿದಾಗಲೂ ನಮ್ಮದನ್ನು ಕೊಡದಿದ್ದರೆ ಮುಂದೆ ಕೇಳುವವರೂ ಇರುವುದಿಲ್ಲ.

ಶಿವಮೊಗ್ಗದಿಂದ, ಮಂಗಳವಾರ ಸಂಜೆ

ಈ ಮಾತಿನಲ್ಲಿ ಹುರುಳಿದೆಯೆಂದು ಒಪ್ಪುತ್ತೇನೆ. ಆದರೆ ಹೊಸ ಪದ ತೆರೆಗೆ ಬಂದ ಮೇಲೆ ಅದರ ಹಣೆಬರಹವನ್ನು ನಿರ್ಧರಿಸುವವರು ನಾವಲ್ಲ. ಬೆಳಗಿನ ಜಾವ ಹಾಲು ಅಳೆಯುವವರು. ಪದಪಟ್ಟಿ ಒಪ್ಪಿಸುವ ಮೊದಲು ಒಂದು ಸಂಘಕ್ಕೆ ಹೋಗಿ ಓದಿಸಿ ಬನ್ನಿ.

ಬೆಂಗಳೂರಿನಿಂದ, ಬುಧವಾರ ಮಧ್ಯಾಹ್ನ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆ ಇಂದು ಬೆಳಗಿನ ಹಾಲಿನ ಹೊತ್ತಿಗೆ ಒಂದು ಸಂಘಕ್ಕೆ ಹೋಗಿದ್ದೆ. ತೂಕದ ಯಂತ್ರದ ಹಿಂದಿನ ಗೋಡೆಯಲ್ಲಿ ಒಂದು ಕಪ್ಪುಹಲಗೆ ಇತ್ತು; ದಿನಾಂಕ, ಬೆಳಿಗ್ಗೆ, ಸಂಜೆ, ಒಟ್ಟು ಲೀಟರ್, ಸರಾಸರಿ ಫ್ಯಾಟ್ ಎಂದು ಬಿಳಿ ಬಣ್ಣದಲ್ಲಿ ಬರೆಸಿದ ಐದು ಕಲಮುಗಳು, ಅವುಗಳ ಕೆಳಗೆ ಸೀಮೆಸುಣ್ಣದ ಅಂಕಿಗಳು. ಹಾಲು ಹಾಕಿ ಹೊರಡುವ ಮುದುಕಿಯೊಬ್ಬರು ಅದರತ್ತ ಕತ್ತೆತ್ತಿ, ನಿನ್ನೆಗಿಂತ ಕಡಿಮೆಯೆಂದು ಗೊಣಗಿಕೊಂಡು ಹೋದರು. ನಾವು ಮೂರು ದಿನಗಳಿಂದ ಹೆಸರಿಡಲು ಹೊರಟಿರುವ ವಸ್ತು ಅಲ್ಲಿ ಮೊಳೆಗೆ ನೇತುಬಿದ್ದಿತ್ತು.

ಕಾರ್ಯದರ್ಶಿಯವರಿಗೆ ಫೋನಿನ ತೆರೆಯಲ್ಲಿ ‘ನಿಗಾ ಫಲಕ’ ಎಂಬುದನ್ನು ತೋರಿಸಿದೆ. ಎರಡು ಸಲ ಓದಿಕೊಂಡು, ‘ಏನ್ ಮೇಡಂ, ಹಾಲನ್ನು ಐಸಿಯುಗೆ ಸೇರಿಸಿದ್ದೀರಾ?’ ಎಂದರು. ಮೇಷ್ಟ್ರು ಸಮರ್ಥನೆಗೆ ತಂದ ಆಸ್ಪತ್ರೆಯ ಬಾಗಿಲೇ ಅಡ್ಡಬಂತು. ‘ತೋರುಹಲಗೆ’ಯನ್ನು ತೋರಿಸಿದಾಗ ನಗಲಿಲ್ಲ, ‘ಯಾರಿಗೆ ತೋರಿಸುವುದು?’ ಎಂದು ಕೇಳಿದರು. ಕಡತವೆಂದಾಗ ಎದ್ದುಹೋಗಿ ಬೀರುವಿನಿಂದ ಸಂಘದ ನಡಾವಳಿಯ ಫೈಲನ್ನೇ ತಂದರು. ಕೊನೆಗೆ ಗೋಡೆಯ ಮೇಲಿನದನ್ನು ಏನೆಂದು ಕರೆಯುತ್ತೀರೆಂದು ಕೇಳಿದೆ. ‘ಅದಕ್ಕೇನು ಹೆಸರು? ದಿನದ ಲೆಕ್ಕ’ ಎಂದರು.

ಬಳಿಕ ವಿಸ್ತರಣಾಧಿಕಾರಿಯವರಿಗೂ ಫೋನಿನಲ್ಲಿ ಓದಿ ಹೇಳಿದೆ. ಹತ್ತಾರು ಸಂಘಗಳ ಅಂಕಿಗಳನ್ನು ಒಟ್ಟಿಗೆ ಕಾಯುವ ಅವರಿಗೆ ನಿಗಾ ಎಂಬ ಮಾತು ಸಹಜವಾಗಿಯೇ ಹಿಡಿಸಿತು. ಐಸಿಯುವಿನ ನೆನಪು ಅವರಿಗೆ ಬರಲಿಲ್ಲ. ಆದ್ದರಿಂದ ಒಕ್ಕೂಟದ ಕಚೇರಿಯವರ ತೆರೆಗೆ ‘ನಿಗಾ ಫಲಕ’, ಊರಿನ ಸಂಘದ ತೆರೆಗೆ ‘ದಿನದ ಲೆಕ್ಕ’ ಎಂದು ಎರಡು ಹೆಸರುಗಳನ್ನು ಕಳುಹಿಸುತ್ತಿದ್ದೇನೆ. ಒಂದೇ ವಸ್ತುವಿಗೆ ಎರಡು ಹೆಸರೇಕೆಂದು ತಂತ್ರಾಂಶದವರು ಕೇಳಿದರು. ನೋಡುವವರು ಇಬ್ಬರು, ನೋಡುವ ಬಗೆಯೂ ಎರಡು ಎಂದೆ. ಮೆಟ್ರಿಕ್ ಎಲ್ಲೆಡೆ ‘ಅಳತೆ’ಯಾಗಿದೆ. ಕಸ್ಟಮ್ ಎಂಬ ವಿಶೇಷಣ ಮಾಯವಾಗಿ ‘ಜೋಡಿಸಿಕೊಳ್ಳಿ’ ಎಂಬ ಕ್ರಿಯೆ ಬಂದಿದೆ. ಕೆಂಪಾಗುವ ಗೆರೆಗೆ ‘ಮಿತಿ’, ಆಗ ಬರುವ ಸಂದೇಶಕ್ಕೆ ‘ಎಚ್ಚರಿಕೆ’.

ಧಾರವಾಡದಿಂದ, ಬುಧವಾರ ಸಂಜೆ

ಅಳತೆ ಉಳಿಯಿತಲ್ಲ, ಅಷ್ಟು ಸಾಕು. ತೋರುಹಲಗೆಯನ್ನು ಇನ್ನೊಬ್ಬರು ಕೇಳಿದಾಗ ಮತ್ತೆ ಹೇಳುತ್ತೇನೆ.

ಮೈಸೂರಿನಿಂದ, ಬುಧವಾರ ರಾತ್ರಿ

ಲೆಕ್ಕವೂ ಸಂಸ್ಕೃತದ ಲೇಖ್ಯದಿಂದ ಪ್ರಾಕೃತದ ಮೂಲಕ ಬಂದದ್ದೆಂಬುದನ್ನು ಧಾರವಾಡದ ಮಿತ್ರರು ಇನ್ನೂ ಗಮನಿಸಿದಂತಿಲ್ಲ. ಐದು ಗಂಟೆ ಕಳೆದ ಮೇಲೆ ಹೇಳುತ್ತಿದ್ದೇನೆ, ತಂಗಿಯವರ ಪಟ್ಟಿಗೆ ತೊಂದರೆಯಾಗದಿರಲೆಂದು.