ಅಪ್‌ಡೇಟ್: ಅಪ್ಪ-ಅಮ್ಮನ ಬಸ್, ಮೆಟ್ರೊ ಓಡಾಟ

ಮಂಡಿ ನೋವಿರುವ ಅಪ್ಪ-ಅಮ್ಮ ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಆಟೊ ಇಲ್ಲದೆ ಹೋಗಿಬರುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ ಹಸಿರು ಮಾರ್ಗದ ಮೆಟ್ರೊ ಸರಿಹೋಯಿತು. ಮಧ್ಯೆ ರೈಲು ಬದಲಾಯಿಸುವ ಗೋಜಿಲ್ಲ, ಲಿಫ್ಟ್ ಇದೆ. ತೊಂದರೆ ಇರುವುದು ಮನೆಯಿಂದ ನಿಲ್ದಾಣದವರೆಗೆ. ಹೆಸರಿಗೆ ಫುಟ್‌ಪಾತ್, ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಬೈಕು, ಎಳನೀರು ಗಾಡಿ. ಅಷ್ಟು ದೂರಕ್ಕೆ ಈಗಲೂ ಆಟೊನೇ ಗತಿ.

ಬಸ್ ವಿಷಯಕ್ಕೆ ಬಂದರೆ, ನೆಲ ತಗ್ಗಿರುವ ಎಲೆಕ್ಟ್ರಿಕ್ ಬಸ್ ಸಿಕ್ಕಿದ ದಿನ ಅಪ್ಪ ಆರಾಮಾಗಿ ಹತ್ತಿದರು. ಆದರೆ ಬಸ್ಸು ಫುಟ್‌ಪಾತ್‌ಗೆ ಒತ್ತಿ ನಿಲ್ಲಬೇಕು. ರಸ್ತೆ ಮಧ್ಯೆ ನಿಂತರೆ ಲೋ ಫ್ಲೋರ್ ಕೂಡ ಎತ್ತರವೇ, ಅಲ್ವಾ? ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ಬಸ್ ಎಲ್ಲಿದೆ ಅಂತ ನೋಡಿಕೊಂಡೇ ಈಗ ಮನೆ ಬಿಡುತ್ತಾರೆ. ಬಿಸಿಲಲ್ಲಿ ಸುಮ್ನೆ ನಿಲ್ಲುವುದು ತಪ್ಪಿತು. ನನ್ನ ಪ್ರಕಾರ ಜಾಸ್ತಿ ಉಪಯೋಗ ಆಗಿದ್ದು ಇದೇ.

ಟಿಕೆಟ್: ಅಮ್ಮನಿಗೆ ಸಾಮಾನ್ಯ ಬಸ್ಸಿನಲ್ಲಿ ಉಚಿತ, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ. ಎಸಿ ಇರುವ ವಜ್ರದಲ್ಲಿ ದುಡ್ಡು ಕೊಡಬೇಕು. ಅಪ್ಪನಿಗೆ 60 ದಾಟಿದವರ 25% ರಿಯಾಯಿತಿ, ಗುರುತಿನ ಚೀಟಿ ತೋರಿಸಿದರೆ. ‘ನನಗ್ಯಾಕೆ ಫ್ರೀ ಇಲ್ಲ’ ಅನ್ನೋ ಗೊಣಗಾಟ ಬೇರೆ!

ನಮ್ಮ ಸ್ಟಾಪಿನಲ್ಲಿ ಕೂರಲು ಬೆಂಚಿಲ್ಲ. ಬೀದಿಯ ಹಿರಿಯರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದಾರೆ. ಹೀಗೆ ಬೆಂಚ್ ಹಾಕಿಸಿಕೊಂಡವರು ಯಾರಾದರೂ ಇದ್ದರೆ, ಮುಂದೆ ಯಾರ ಬೆನ್ನು ಹತ್ತಬೇಕು ಹೇಳಿ.